ಮುದಿ ನಾಯಿಗೆ ಫೋಮ್ ಹಾಸಿಗೆ: ಎರಡು ವರ್ಷ ಬಳಸಿದ ಮೇಲೆ

ಹಾಸಿಗೆ ಚೆನ್ನಾಗಿದೆ, ಅದರ ತಳ ಸರಿಯಿಲ್ಲ. ತಳದ ವಿಷಯವನ್ನೇ ಮೊದಲು ಹೇಳಿಬಿಡುತ್ತೇನೆ. ಅದೊಂದರ ಸಲುವಾಗಿ ಇದನ್ನು ವಾಪಸ್ ಕಳಿಸುವುದರಲ್ಲಿದ್ದೆ.

ನಮ್ಮ ಮೋತಿ ಲ್ಯಾಬ್ರಡಾರ್. ಈಗ ಹದಿಮೂರು ನಡೆಯುತ್ತಿದೆ. ಹಾಸಿಗೆ ತರಿಸಿದ್ದು 2023ರ ನವೆಂಬರಿನಲ್ಲಿ, 4,200 ರೂಪಾಯಿ ಕೊಟ್ಟು. ನನ್ನ ಸಂಬಳಕ್ಕೆ ಅದು ದೊಡ್ಡ ಮೊತ್ತವೇ. ಆದರೆ ಆಗಲೇ ಅವನ ಹಿಂಗಾಲು ಸೋಲುತ್ತಿದ್ದವು. ಬೀದರಿನ ಪಶುವೈದ್ಯಕೀಯ ಕಾಲೇಜಿಗೆ ಕರೆದುಕೊಂಡು ಹೋಗಿ ಎಕ್ಸ್‌ರೇ ತೆಗೆಸಿದೆವು. ಸೊಂಟದ ಎರಡೂ ಕೀಲು ಸವೆದಿದ್ದವು. ಈ ಜಾತಿಯ ನಾಯಿಗಳಿಗೆ ಈ ತೊಂದರೆ ಜಾಸ್ತಿ.

ನಮ್ಮ ಮನೆಯ ನೆಲ ಶಹಾಬಾದ್ ಫರಸಿ ಕಲ್ಲು. ಕಲಬುರಗಿಯಲ್ಲಿ ಹಳೇ ಮನೆ ಅಂದರೆ ಅದೇ ಅಲ್ವಾ? ಮೂವತ್ತು ವರ್ಷ ಒರೆಸಿ ಒರೆಸಿ ಗಾಜಿನ ಹಾಗಾಗಿದೆ. ಹಾಸಿಗೆಯ ತಳಕ್ಕೆ ಹಾಕಿರುವುದು ನುಣುಪು ಬಟ್ಟೆ, ಅದರ ಮೇಲೆ ಕಡಲೆ ಕಾಳಿನಷ್ಟು ರಬ್ಬರ್ ಚುಕ್ಕಿಗಳು. ಎರಡನೇ ಸಲ ಒಗೆದಾಗಲೇ ಅರ್ಧ ಚುಕ್ಕಿ ಉದುರಿದವು.

ಮುದಿ ನಾಯಿ ಏಳುವುದನ್ನು ಹತ್ತಿರ ಕೂತು ನೋಡಬೇಕು. ಮೊದಲು ಮುಂಗಾಲು ಊರಿ ಎದೆ ಎತ್ತುತ್ತಾನೆ. ಸ್ವಲ್ಪ ಹೊತ್ತು ಹಾಗೇ ಕೂತು ಉಸಿರು ಬಿಡುತ್ತಾನೆ. ಆಮೇಲೆ ಹಿಂಗಾಲನ್ನು ಹೊಟ್ಟೆಯ ಕೆಳಗೆ ಎಳೆದುಕೊಂಡು, ಇದ್ದ ಶಕ್ತಿಯನ್ನೆಲ್ಲ ಹಾಕಿ ಒಮ್ಮೆಲೇ ಒತ್ತುತ್ತಾನೆ. ಆ ಹೊತ್ತಿಗೆ ಕಾಲ ಕೆಳಗಿನ ಹಾಸಿಗೆಯೇ ಸರಿದರೆ ಏನು ಮಾಡಬೇಕು ಅವನು? ಜನವರಿಯ ಒಂದು ಬೆಳಗ್ಗೆ ಹಾಗೇ ಆಯಿತು. ಹಾಸಿಗೆ ಗೋಡೆಯ ಕಡೆ ಜಾರಿತು. ಮೋತಿಯ ಹಿಂಗಾಲು ಎರಡೂ ಎರಡು ಕಡೆ ಚಾಚಿಕೊಂಡು, ಹೊಟ್ಟೆ ನೆಲಕ್ಕೆ ಬಡಿಯಿತು. ಅವನು ಕೂಗಲಿಲ್ಲ. ನನ್ನ ಮುಖ ನೋಡಿದ, ಅಷ್ಟೇ. ಮುಂದೆ ಹದಿನೈದು ದಿನ ಹಾಸಿಗೆಯ ಹತ್ತಿರ ಸುಳಿಯಲಿಲ್ಲ. ಚಳಿಯಲ್ಲೂ ಬರೀ ಕಲ್ಲಿನ ಮೇಲೆ ಮಲಗಿದ.

ಕಂಪನಿಗೆ ಫೋನ್ ಮಾಡಿದೆ. "ಕಾರ್ಪೆಟ್ ಮೇಲೆ ಹಾಕಿ ಮೇಡಂ" ಅಂದರು. ಬೇಸಿಗೆಯಲ್ಲಿ 43 ಡಿಗ್ರಿ ಮುಟ್ಟುವ ಊರಲ್ಲಿ ಯಾರ ಮನೆಯಲ್ಲಿ ಕಾರ್ಪೆಟ್ ಇರುತ್ತದೆ? ಮುದಿ ನಾಯಿಗಳಿಗೆಂದೇ ಮಾಡಿದ್ದು ಅಂತ ಡಬ್ಬದ ಮೇಲೆ ಬರೆದಿದ್ದಾರೆ. ಅಂಥ ನಾಯಿ ಹೇಗೆ ಏಳುತ್ತದೆ ಅಂತ ಒಮ್ಮೆಯಾದರೂ ನೋಡಿ ಮಾಡಬಾರದಿತ್ತಾ? ಈ ಸಿಟ್ಟು ನನಗೆ ಇವತ್ತಿಗೂ ಇಳಿದಿಲ್ಲ.

ದಾರಿ ತೋರಿಸಿದ್ದು ಅವ್ವ. "ನಾಯಿದೇನ್ ತಪ್ಪದವಾ, ನೆಲಾನೇ ಜಾರ್ತದ. ಕೆಳಗ ಲಾರಿ ಟ್ಯೂಬ್ ಹಾಕಿ ನೋಡು" ಅಂದಳು. ರಿಂಗ್ ರೋಡಿನ ಪಂಕ್ಚರ್ ಅಂಗಡಿಯಲ್ಲಿ ಹಳೇ ಟ್ಯೂಬು ಎಂಬತ್ತು ರೂಪಾಯಿಗೆ ಸಿಕ್ಕಿತು. ಉದ್ದಕ್ಕೆ ಸೀಳಿ, ಒಳಗಿನ ಬಿಳಿ ಪುಡಿ ಹೋಗುವ ತನಕ ಸೋಪು ಹಾಕಿ ತಿಕ್ಕಿದೆ. ವಾಸನೆ ಹೋಗಲಿ ಅಂತ ಎರಡು ದಿನ ಮಾಳಿಗೆಯ ಮೇಲೆ ಒಣಗಿಸಿದೆ. ಅದರ ಮೇಲೆ ಹಾಸಿಗೆ ಇಟ್ಟು ಕಾಲಿಂದ ಜೋರಾಗಿ ನೂಕಿದರೂ ಅಲುಗಲಿಲ್ಲ. ಆದರೆ ಕೆಳಗೆ ಧೂಳು ಸೇರಿದರೆ ಇದೂ ಜಾರುತ್ತದೆ. ದಿನಾ ಎತ್ತಿ ನೆಲ ಒರೆಸಬೇಕು, ಪೂರ್ತಿ ಒಣಗಿದ ಮೇಲೇ ಹಾಸಬೇಕು. ನೀರಿನ ಬಟ್ಟಲಿನ ತನಕವೂ ಇಂಥದ್ದೇ ಪಟ್ಟಿ ಹಾಕಿದ್ದೇನೆ.

ಆಮೇಲೆ ನೋಡಿ, ಹಾಸಿಗೆಯ ಬೆಲೆ ನನಗೆ ಗೊತ್ತಾಗಿದ್ದು. ಕಲ್ಲಿನ ಮೇಲೆ ಮಲಗಿ ಮಲಗಿ ಅವನ ಮುಂಗಾಲಿನ ಮೊಣಕೈ ಜಡ್ಡುಗಟ್ಟಿ ಬಿರುಕು ಬಿಟ್ಟಿತ್ತು. ನಾಲ್ಕೈದು ತಿಂಗಳಲ್ಲಿ ಅದು ಮೆತ್ತಗಾಯಿತು. ಎಡಗಡೆ ಸಣ್ಣ ಕೂದಲೂ ಬಂದಿದೆ. ಫೋಮ್ ಇನ್ನೂ ಕುಸಿದಿಲ್ಲ. ತಿಂಗಳಿಗೊಮ್ಮೆ ಮೊಣಕಾಲು ಊರಿ ನೋಡುತ್ತೇನೆ, ನೆಲ ತಾಗುವುದಿಲ್ಲ. ಹಿಂದೆ 900 ರೂಪಾಯಿಗೆ ತಂದಿದ್ದ ಹಾಸಿಗೆ ಮೂರೇ ತಿಂಗಳಲ್ಲಿ ಚಪ್ಪಟೆಯಾಗಿತ್ತು.

ಬೆಳಗ್ಗೆ ಐದೂವರೆಗೆ ಟವೆಲನ್ನು ಬಿಸಿನೀರಲ್ಲಿ ಅದ್ದಿ ಹಿಂಡುತ್ತೇನೆ. ಮೊದಲು ನನ್ನ ಕೈಗೆ ಮುಟ್ಟಿಸಿ ನೋಡಿ, ಆಮೇಲೆ ಅವನ ಸೊಂಟದ ಮೇಲೆ ಹತ್ತು ನಿಮಿಷ ಇಡುತ್ತೇನೆ. ತೊಡೆಯನ್ನು ಅಂಗೈಯಿಂದ ಮೆಲ್ಲಗೆ ನೀವುತ್ತೇನೆ. ಒಂದು ಹೊತ್ತಿನಲ್ಲಿ ಬಾಲ ಹಾಸಿಗೆಗೆ ಬಡಿಯುತ್ತದೆ, ಧಪ್ ಧಪ್ ಅಂತ. ಆ ಸದ್ದು ಬರುವ ತನಕ ನಾನು ಅವನನ್ನು ಏಳಿಸುವುದಿಲ್ಲ. ಅವ್ವನ ಹಳೇ ಇಳಕಲ್ ಸೀರೆಯ ತುಂಡನ್ನು ಹೊಟ್ಟೆಯ ಕೆಳಗೆ, ಹಿಂಗಾಲಿನ ಮುಂದೆ ತೂರಿಸಿ, ಎರಡೂ ತುದಿ ಹಿಡಿದು ಸ್ವಲ್ಪ ಭಾರ ನಾನು ಹೊರುತ್ತೇನೆ. ಮೊದಲೆಲ್ಲ ನಮ್ಮೂರಿನ 'ಅಪ್ಪನ ಕೆರೆ'ಯ ಹತ್ತಿರ ನನ್ನನ್ನೇ ಎಳೆದುಕೊಂಡು ಓಡುತ್ತಿದ್ದವನು. ಈಗ ಗೇಟಿನಿಂದ ಬೇವಿನ ಮರದ ತನಕ, ದಿನಕ್ಕೆ ಮೂರು ಸಲ, ಹತ್ತು ಹತ್ತು ನಿಮಿಷ.

ಎಲ್ಲಾ ಹಾಸಿಗೆಯಿಂದಲೇ ಆಯಿತು ಅಂತ ಹೇಳಿದರೆ ಸುಳ್ಳಾಗುತ್ತದೆ. ತೂಕ 38 ಕಿಲೋದಿಂದ 32ಕ್ಕೆ ಇಳಿದಿದ್ದೇ ದೊಡ್ಡ ಆಸರೆ. ಅವ್ವ ತುಪ್ಪ ಹಚ್ಚಿ ಹಾಕುತ್ತಿದ್ದ ಜೋಳದ ರೊಟ್ಟಿ ಈಗ ಕಾಲು ಚೂರು, ತುಪ್ಪ ಇಲ್ಲ. ಉಗುರು ಕತ್ತರಿಸುತ್ತೇವೆ, ಪಾದದ ಬೆರಳ ಸಂದಿಯ ಕೂದಲನ್ನೂ ಕತ್ತರಿಸುತ್ತೇವೆ. ಅದರಿಂದ ಪಾದಕ್ಕೆ ಹಿಡಿತ ಬರುತ್ತದೆ. ನೋವಿನ ಔಷಧಿ ಡಾಕ್ಟರು ತೂಕ ನೋಡಿ ಬರೆದುಕೊಟ್ಟದ್ದು, ನಡುನಡುವೆ ರಕ್ತ ಪರೀಕ್ಷೆಯೂ ಆಗುತ್ತದೆ. ನಿಮ್ಮ ಮನೆಯಲ್ಲಿರುವ ನೋವಿನ ಮಾತ್ರೆ ಮಾತ್ರ ನಾಯಿಗೆ ಕೊಡಬೇಡಿ, ದಯವಿಟ್ಟು. ಐಬುಪ್ರೊಫೇನ್ ನಾಯಿಯ ಹೊಟ್ಟೆಯಲ್ಲಿ ಹುಣ್ಣು ಮಾಡುತ್ತದೆ, ಕಿಡ್ನಿ ಕೆಡಿಸುತ್ತದೆ. ಪ್ಯಾರಾಸಿಟಮಾಲ್ ಕೂಡ ಅಪಾಯವೇ.

ಬೇಸಿಗೆಯ ಮಾತು ಉಳಿಯಿತು. ಈ ಫೋಮ್ ಕಾವು ಹಿಡಿದಿಟ್ಟುಕೊಳ್ಳುತ್ತದೆ. ಏಪ್ರಿಲ್ ಮಧ್ಯದಲ್ಲಿ ಮೋತಿ ನಾಲಿಗೆ ಚಾಚಿಕೊಂಡು ಎದ್ದು ಹೋಗಿ ಕಲ್ಲಿನ ಮೇಲೆ ಬಿದ್ದುಕೊಳ್ಳುತ್ತಿದ್ದ. ಮೇಲೆ ಹಳೇ ಕಾಟನ್ ಕೌದಿ ಹಾಸಿ ಕೂಲರ್ ಎದುರಿಗೆ ಸರಿಸಿದ ಮೇಲೆ ರಾತ್ರಿ ಹೊತ್ತು ಬರತೊಡಗಿದ. ಮಧ್ಯಾಹ್ನ ಈಗಲೂ ಕಲ್ಲೇ ಬೇಕು. ಇರಲಿ ಅಂತ ಬಿಟ್ಟಿದ್ದೇನೆ.

ನೆಲ ಒರಟಾಗಿದ್ದರೆ, ಇಲ್ಲವೇ ಕೆಳಗೆ ರಬ್ಬರ್ ಹಾಕಲು ತಯಾರಿದ್ದರೆ ಧಾರಾಳವಾಗಿ ತಗೊಳ್ಳಿ. ಕವರಿನ ಜಿಪ್ ಹೋದ ತಿಂಗಳು ಕಿತ್ತು ಬಂತು. ಹೊಸ ಕವರಿಗೆ 1,100 ಹೇಳುತ್ತಿದ್ದಾರೆ, ಅದೇ ಜಾರುವ ತಳ. ನಾನು ತರಿಸುವುದಿಲ್ಲ. ಓಣಿಯಲ್ಲಿ ಕೌದಿ ಹೊಲಿಯುವ ಆಯಿ ನಿನ್ನೆ ಬಂದು ಮೊಳ ಹಾಕಿ ಅಳತೆ ತಗೊಂಡು ಹೋಗಿದ್ದಾರೆ. ಅಳತೆ ಮಾಡುವಾಗ ಮೋತಿ ಏಳಲಿಲ್ಲ. ಆಯಿ ಅವನ ಸುತ್ತಲೇ ಕೈ ಹಾಕಿ ಅಳೆದರು.