ಕಾರವಾರದ ಮೀನಿಗೆ ನಾಸಿಕದ ವೈನ್

ಕಾರವಾರದ ಈ ಸಲದ ವೈನ್ ಮೇಳಕ್ಕೆ ನಾಸಿಕ ಅತಿಥಿಯಾಗಿ ಬಂದದ್ದು ಸರಿಯಾದ ಆಯ್ಕೆ. ಸುಮಾರು 600 ಮೀಟರ್ ಎತ್ತರದ ಆ ಸೀಮೆಯಲ್ಲಿ ಕೊಯ್ಲು ಜನವರಿಯಿಂದ ಮಾರ್ಚ್‌ವರೆಗೆ. ರಾತ್ರಿಯ ಚಳಿ ದ್ರಾಕ್ಷಿಯ ಹುಳಿಯನ್ನು ಕಾಪಾಡುತ್ತದೆ. ನಮ್ಮ ಮೀನಿಗೆ ಬೇಕಾದದ್ದೂ ಆ ಹುಳಿಯೇ.

2000ದಲ್ಲಿ ಮೊದಲ ವೈನ್ ಹೊರತಂದ ನಾಸಿಕದ ಸುಲಾ ಕಂಪನಿಯ ಸೊವಿನ್ಯೋ ಬ್ಲಾಂಕ್ ಎಂಬ ಬಿಳಿ ವೈನ್‌ಗೆ ದೊಣ್ಣೆಮೆಣಸಿನಂಥ ಹಸಿ ಪರಿಮಳ. ರವೆ ಹಚ್ಚಿ ಹುರಿದ ಕಾಣೆಗೆ ಇದಕ್ಕಿಂತ ಒಳ್ಳೆಯ ಜೋಡಿ ಮೇಳದಲ್ಲಿ ಇರಲಿಲ್ಲ. ಖಾರದ ಬಂಗುಡೆ ಸಾರಿಗೆ ಮಾತ್ರ ಶೆನಿನ್ ಬ್ಲಾಂಕ್ ಎಂಬ ಇನ್ನೊಂದು ಬಿಳಿ ವೈನ್ ತೆಗೆದುಕೊಳ್ಳಿ, ಅದರ ಸಣ್ಣ ಸಿಹಿ ಮೆಣಸಿನ ಉರಿಯನ್ನು ತಣಿಸುತ್ತದೆ. ಮುರುಗಲು ಹಾಕಿದ ಸಾರಿನ ಮುಂದೆ ಹುಳಿ ಕಡಿಮೆಯ ವೈನ್ ಸಪ್ಪೆಯಾಗುತ್ತದೆ.

ಕೆಂಪು ಶಿರಾಜ್ ಬಂಗುಡೆಯೊಂದಿಗೆ ಬೇಡವೇ ಬೇಡ. ವೈನಿನ ಕಬ್ಬಿಣದಂಶ ಮೀನೆಣ್ಣೆಗೆ ತಾಗಿ ಬಾಯಲ್ಲಿ ಲೋಹದ ವಾಸನೆ ಬರುತ್ತದೆ, ಒಗರು ಖಾರವನ್ನು ಇನ್ನಷ್ಟು ಕೆರಳಿಸುತ್ತದೆ. ಕೋಳಿ ಸುಕ್ಕಕ್ಕೆ ಇಟ್ಟುಕೊಳ್ಳಿ.

ಕೊರತೆ ಬಡಿಸುವುದರಲ್ಲಿತ್ತು. ಕರಾವಳಿಯ ಸೆಕೆಯಲ್ಲಿ ಕೆಂಪು ವೈನನ್ನು ಮೇಜಿನ ಮೇಲೇ ಬಿಟ್ಟಿದ್ದರು. ಬಿಸಿಯಾದರೆ ಮದ್ಯದ ಘಾಟೇ ಮುಂದೆ ಬರುತ್ತದೆ. ಕೆಂಪಿಗೆ 16ರಿಂದ 18 ಡಿಗ್ರಿ, ಬಿಳಿಗೆ 8ರಿಂದ 10 ಇರಬೇಕು. ಬಕೆಟ್ಟಿಗೆ ಬರೀ ಐಸ್ ಸುರಿದರೆ ಬಾಟಲಿ ತಣ್ಣಗಾಗಲು ಹೊತ್ತು ಹಿಡಿಯುತ್ತದೆ. ಅರ್ಧ ಐಸ್, ಅರ್ಧ ನೀರು, ಒಂದು ಹಿಡಿ ಕಲ್ಲುಪ್ಪು ಹಾಕಿ, ಕುತ್ತಿಗೆಯವರೆಗೆ ಮುಳುಗಿಸಿದರೆ 20 ನಿಮಿಷದೊಳಗೆ ಬಿಳಿ ವೈನ್ ಹದಕ್ಕೆ ಬರುತ್ತದೆ. ರುಚಿಗೆ 50 ಮಿಲಿ ಸಾಕು, ಸುರಿದ ಮೇಲೆ ಲೋಟವನ್ನು ಬುಡದ ಕಾಂಡದಲ್ಲೇ ಹಿಡಿಯಿರಿ.