ವೈರ್‌ಶಾರ್ಕ್ ರಿವ್ಯೂ: ಕಾಲ್ ಯಾಕೆ ಕಟ್ ಕಟ್ ಆಗ್ತಿದೆ ಅಂತ ಕಣ್ಣಾರೆ ನೋಡೋಕೆ

ವೈರ್‌ಶಾರ್ಕ್ ಅಂದ್ರೆ ನೆಟ್‌ವರ್ಕ್ ಮೇಲೆ ಓಡಾಡೋ ಡೇಟಾನ ಹಿಡಿದು (ಅದೇ ಕ್ಯಾಪ್ಚರ್) ಬಿಡಿಸಿ ತೋರ್ಸೋ ಸಾಫ್ಟ್‌ವೇರ್. ಅದರ ಬಗ್ಗೆ ಬರೆಯೋರೆಲ್ಲ ಹ್ಯಾಕಿಂಗು ಸೆಕ್ಯೂರಿಟಿ ಅಂತಾನೇ ಶುರು ಮಾಡ್ತಾರೆ, ನಾನು ಅದನ್ನ ಬಳಸೋದೇ ಬೇರೆ ಕೆಲಸಕ್ಕೆ. ಆಡಿಯೋ ವಿಡಿಯೋ ಕಾಲ್‌ಗಳು ನೆಟ್‌ವರ್ಕ್ ಮೇಲೆ ಹೆಂಗೆ ಹೋಗ್ತವೆ, ಎಲ್ಲಿ ಕೆಡ್ತವೆ ಅಂತ ನೋಡೋಕೆ. ಅದಷ್ಟೇ ಲೆಕ್ಕ ಇಟ್ಕೊಂಡು ಈ ರಿವ್ಯೂ. 1998ರಲ್ಲಿ ಜೆರಾಲ್ಡ್ ಕೋಂಬ್ಸ್ ಇದನ್ನ ಈಥೀರಿಯಲ್ ಅನ್ನೋ ಹೆಸರಲ್ಲಿ ಬಿಟ್ಟಿದ್ದು, 2006ರಲ್ಲಿ ಹೆಸರು ಬದಲಾಯ್ತು, ಫ್ರೀ, ಓಪನ್ ಸೋರ್ಸು, ವಿಂಡೋಸ್ ಮ್ಯಾಕ್ ಲಿನಕ್ಸ್ ಮೂರರಲ್ಲೂ ಓಡತ್ತೆ. ಹಿಸ್ಟರಿ ಇಷ್ಟು ಸಾಕು.

ಕಾಲ್ ಕೆಟ್ರೆ ಎಲ್ರ ಬಾಯಲ್ಲೂ ಒಂದೇ ಮಾತು, ನೆಟ್‌ವರ್ಕ್ ಸರಿ ಇಲ್ಲ. ಸರಿ ಇಲ್ಲ ಅಂದ್ರೆ ಏನು? ಪ್ಯಾಕೆಟ್ (ಮಾತನ್ನ ಕತ್ತರಿಸಿ ಕಳಿಸೋ ಡೇಟಾ ತುಣುಕು) ಬರ್ಲೇ ಇಲ್ವಾ, ಬಂತು ಆದ್ರೆ ತಡ ಆಯ್ತಾ, ಇಲ್ಲಾ ಒಮ್ಮೆ ಬೇಗ ಒಮ್ಮೆ ನಿಧಾನ ಅಂತ ಲಯ ತಪ್ಪಿ ಬರ್ತಿದ್ಯಾ? ಮೂರಕ್ಕೂ ಮದ್ದು ಬೇರೆ ಬೇರೆ. ಸ್ಪೀಡ್ ಟೆಸ್ಟ್ ಮಾಡಿ 100 ಎಂಬಿ ಬರ್ತಿದೆ ಅಂತ ಸ್ಕ್ರೀನ್‌ಶಾಟ್ ಕಳಿಸೋದ್ರಿಂದ ಇದ್ರಲ್ಲಿ ಒಂದೂ ಗೊತ್ತಾಗಲ್ಲ. ವೈರ್‌ಶಾರ್ಕ್ ಮೂರನ್ನೂ ಬಿಡಿಸಿ ತೋರ್ಸತ್ತೆ, ನಾನು ಇದನ್ನ ಹೊಗಳೋದು ಮುಖ್ಯವಾಗಿ ಅದಕ್ಕೇನೇ.

ಮಾತು ಹೋಗೋದು ಆರ್‌ಟಿಪಿ ಅನ್ನೋ ಪ್ರೋಟೋಕಾಲ್‌ನಲ್ಲಿ, ಸಾಮಾನ್ಯವಾಗಿ ಯುಡಿಪಿ ಮೇಲೆ (ಕಳೆದಿದ್ದನ್ನ ಮತ್ತೆ ತರಿಸೋ ಗೋಜಿಗೆ ಹೋಗದ ವಿಧಾನ). ಇದರ ಸ್ಟ್ಯಾಂಡರ್ಡ್ ಮೊದಲು ಬಂದಿದ್ದು 1996ರಲ್ಲಿ, ಈಗ ನಡೀತಿರೋದು 2003ರ ಆರ್‌ಎಫ್‌ಸಿ 3550. ಒಂದು ಪ್ಯಾಕೆಟ್ ಮೇಲೆ ಕ್ಲಿಕ್ ಮಾಡಿ ಹೆಡರ್ (ಪ್ಯಾಕೆಟ್‌ನ ಮುಂದಿರೋ ವಿವರದ ಭಾಗ) ಬಿಡಿಸಿ ನೋಡಿ, ಕಮ್ಮಿ ಅಂದ್ರೆ 12 ಬೈಟ್, ಅದರಲ್ಲೇ ಎಲ್ಲಾ ಕಥೆ ಇದೆ. ಸೀಕ್ವೆನ್ಸ್ ನಂಬರ್ ಪ್ರತಿ ಪ್ಯಾಕೆಟ್‌ಗೂ ಒಂದೊಂದೇ ಏರತ್ತೆ, ಮಧ್ಯ ಯಾವ್ದಾದ್ರೂ ನಂಬರ್ ಕಾಣಿಸ್ಲಿಲ್ಲ ಅಂದ್ರೆ ಆ ಪ್ಯಾಕೆಟ್ ದಾರೀಲಿ ಹೋಯ್ತು ಅಂತ. ಟೈಮ್‌ಸ್ಟ್ಯಾಂಪ್ ಹೇಳೋದು ಈ ತುಣುಕನ್ನ ಯಾವ ಕ್ಷಣದಲ್ಲಿ ನುಡಿಸ್ಬೇಕು ಅಂತ. ಜಿ.711 ಅನ್ನೋ ಕೋಡೆಕ್‌ನಲ್ಲಿ (ಧ್ವನಿಯನ್ನ ಡೇಟಾ ಮಾಡೋ ವಿಧಾನ) ಸೆಕೆಂಡಿಗೆ 8000 ಸ್ಯಾಂಪಲ್, 20 ಮಿಲಿಸೆಕೆಂಡ್‌ಗೆ ಒಂದು ಪ್ಯಾಕೆಟ್ ಅಂತ ಕಳಿಸಿದ್ರೆ ಟೈಮ್‌ಸ್ಟ್ಯಾಂಪ್ 160, 160 ಅಂತ ಹಾರ್ತಾ ಹೋಗತ್ತೆ, ಲಿಸ್ಟ್‌ನಲ್ಲಿ ನೋಡೋಕೆ ಒಂಥರಾ ಮಜಾ. ಇನ್ನೊಂದ್ ವಿಷ್ಯ, ಆ ಪ್ಯಾಕೆಟ್‌ನಲ್ಲಿ ಧ್ವನಿ ಇರೋದು 160 ಬೈಟ್, ಅದರ ತಲೆ ಮೇಲೆ ಐಪಿ, ಯುಡಿಪಿ, ಆರ್‌ಟಿಪಿ ಮೂರೂ ಸೇರಿ 40 ಬೈಟ್, ಹಂಗಾಗಿ 64 ಕೆಬಿಪಿಎಸ್ ಕೋಡೆಕ್ ಅಂತ ಹೇಳಿದ್ದು ಲೈನ್ ಮೇಲೆ ಹತ್ರ ಹತ್ರ 80 ತಿನ್ನತ್ತೆ.

ಈಗ ನಂಗೆ ಇಷ್ಟವಾದ ಜಾಗ. ಟೆಲಿಫೋನಿ ಮೆನುವಲ್ಲಿ ಆರ್‌ಟಿಪಿ ಸ್ಟ್ರೀಮ್ಸ್ ಅಂತ ಇದೆ, ತೆಗೆದ್ರೆ ಪ್ರತಿ ಸ್ಟ್ರೀಮ್‌ಗೂ ಎಷ್ಟು ಕಳೆದೋಯ್ತು, ಎರಡು ಪ್ಯಾಕೆಟ್ ನಡುವಿನ ಅತಿ ದೊಡ್ಡ ಗ್ಯಾಪ್ ಎಷ್ಟು, ಜಿಟರ್ (ಆಗಲೇ ಹೇಳಿದ ಲಯ ತಪ್ಪೋದು) ಎಷ್ಟು ಎಲ್ಲಾ ಒಂದೇ ಸಾಲಲ್ಲಿ. ಒಂದು ಕಾಲ್‌ನಲ್ಲಿ ಆ ಕಡೆಯವರ ಮಾತು ಆಗಾಗ ನುಂಗಿ ಹೋಗ್ತಿತ್ತು, ಕ್ಯಾಪ್ಚರ್ ಮಾಡಿ ನೋಡಿದ್ರೆ ಲಾಸ್ಟ್ ಸೊನ್ನೆ! ಒಂದೂ ಪ್ಯಾಕೆಟ್ ಕಳೆದಿಲ್ಲ. ಆದ್ರೆ ಮ್ಯಾಕ್ಸ್ ಡೆಲ್ಟಾ, ಅಂದ್ರೆ ಆ ಅತಿ ದೊಡ್ಡ ಗ್ಯಾಪ್, 300 ಮಿಲಿಸೆಕೆಂಡ್ ದಾಟಿತ್ತು. ಅನಾಲಿಸಿಸ್ ವಿಂಡೋ ತೆಗೆದ್ರೆ ವಿಷ್ಯ ಸ್ಪಷ್ಟ: 20, 20, 20 ಅಂತ ನೀಟಾಗಿ ಬರ್ತಾ ಇದ್ದಿದ್ದು ಇದ್ದಕ್ಕಿದ್ದಂಗೆ 300 ಮಿಲಿಸೆಕೆಂಡ್ ಸುದ್ದಿನೇ ಇಲ್ಲ, ಆಮೇಲೆ ಹದಿನೈದರಷ್ಟು ಪ್ಯಾಕೆಟ್ ಒಟ್ಟೊಟ್ಟಿಗೆ ದಬದಬ ಅಂತ ಬಂದು ಬೀಳ್ತಿತ್ತು, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಹಂಗೇ. ವೈಫೈ ತೆಗೆದು ಕೇಬಲ್ ಹಾಕಿದ ತಕ್ಷಣ ಆ ಗ್ಯಾಪ್ ಮಾಯ. ಇಂಟರ್ನೆಟ್ ಕಂಪನಿಯವರಿಗೆ ಫೋನ್ ಮಾಡಿ ಜಗಳ ಆಡೋ ಅಗತ್ಯಾನೇ ಬರ್ಲಿಲ್ಲ.

ಅದೇ ಕ್ಯಾಪ್ಚರನ್ನ ಆರ್‌ಟಿಪಿ ಪ್ಲೇಯರ್‌ನಲ್ಲಿ ಹಾಕಿ ಆಟ ಆಡಿ, ಇದು ಯಾವ ಪಾಠಕ್ಕಿಂತ್ಲೂ ಚೆನ್ನಾಗಿ ತಲೆಗೆ ಹೋಗತ್ತೆ. ಅಲ್ಲಿ ಜಿಟರ್ ಬಫರ್ ಅಂತ ಒಂದು ಬಾಕ್ಸ್ ಇದೆ, ಬಂದ ಪ್ಯಾಕೆಟನ್ನ ನುಡಿಸೋ ಮುಂಚೆ ಎಷ್ಟು ಮಿಲಿಸೆಕೆಂಡ್ ಕಾಯ್ಬೇಕು ಅಂತ, ಮೊದಲೇ 50 ಅಂತ ಇರತ್ತೆ. ಹಂಗೇ ಪ್ಲೇ ಮಾಡಿದ್ರೆ ಮಾತು ಹರಿದು ಹರಿದು ಕೇಳ್ಸತ್ತೆ, ತಡವಾಗಿ ಬಂದಿದ್ದಕ್ಕೆ ಎಸೆದ ಪ್ಯಾಕೆಟ್ ಯಾವ್ದು ಅಂತ ಗ್ರಾಫ್ ಮೇಲೆ ಗುರುತೂ ಹಾಕಿರತ್ತೆ. 350 ಮಾಡಿ ನೋಡಿ, ಅದೇ ಪ್ಯಾಕೆಟ್‌ಗಳು, ಮಾತು ಕ್ಲಿಯರ್! ಹಂಗಾದ್ರೆ ಎಲ್ಲ ಆಪ್‌ಗಳೂ ಬಫರ್ ದೊಡ್ಡದು ಮಾಡ್ಕೋಬಹುದಲ್ಲ ಅನ್ಸತ್ತೆ, ಆದ್ರೆ ಬಫರ್ ಅಂದ್ರೆ ಕಾಯೋದು. ಮಾತು ಒಂದು ಕಡೆಯಿಂದ ಇನ್ನೊಂದು ಕಡೆ ಮುಟ್ಟೋಕೆ 150 ಮಿಲಿಸೆಕೆಂಡ್ ಒಳಗಿದ್ರೆ ಒಳ್ಳೇದು ಅಂತ ಟೆಲಿಕಾಂ ಸ್ಟ್ಯಾಂಡರ್ಡ್ ಮಾಡೋ ಐಟಿಯು ತನ್ನ ಜಿ.114ರಲ್ಲಿ ಹೇಳಿದೆ, ಬಫರ್ ಒಂದೇ 350 ತಿಂದ್ರೆ ಇಬ್ರೂ ಒಟ್ಟಿಗೆ ಮಾತು ಶುರು ಮಾಡೋದು, ಇಬ್ರೂ ನಿಲ್ಲಿಸೋದು, ನೀವು ಹೇಳಿ ನೀವು ಹೇಳಿ ಅನ್ನೋದು. ಯುಡಿಪಿ ಬದಲಿಗೆ ಟಿಸಿಪಿ ಇಲ್ಲಿ ಒಗ್ಗದೇ ಇರೋದೂ ಇದಕ್ಕೇ, ಕಳೆದಿದ್ದನ್ನ ಅದು ಮತ್ತೆ ತರಿಸೋದೇನೋ ತರಿಸತ್ತೆ, ಆದ್ರೆ ಅದು ಬರೋವರೆಗೂ ಹಿಂದೆ ಬಂದು ನಿಂತಿರೋ ಪ್ಯಾಕೆಟ್‌ಗಳನ್ನೆಲ್ಲ ತಡೆದು ಇಟ್ಕೊಳ್ಳತ್ತೆ. ಊಟ ಮುಗಿದು ಎಲೆ ಎತ್ತಿದ್ಮೇಲೆ ಉಪ್ಪಿನಕಾಯಿ ಬಂದ್ರೆ ಯಾರಿಗೆ ಬೇಕು.

ವಿಡಿಯೋಗೆ ಬಂದ್ರೆ ಓದೋ ರೀತಿ ಸ್ವಲ್ಪ ಬದಲಾಗತ್ತೆ. ಅಲ್ಲಿ ಗಡಿಯಾರ 90000 ಹರ್ಟ್ಸ್, ಸೆಕೆಂಡಿಗೆ 30 ಫ್ರೇಮ್ ಆದ್ರೆ ಟೈಮ್‌ಸ್ಟ್ಯಾಂಪ್ 3000 ಹಾರತ್ತೆ. ಒಂದು ಕೀ ಫ್ರೇಮ್ (ಪೂರ್ತಿ ಚಿತ್ರ ಇರೋ ಫ್ರೇಮ್) ಒಂದು ಪ್ಯಾಕೆಟ್‌ನಲ್ಲಿ ಹಿಡಿಯಲ್ಲ, ಹತ್ತಾರು ತುಂಡಾಗಿ ಹೋಗತ್ತೆ, ಎಲ್ಲಕ್ಕೂ ಒಂದೇ ಟೈಮ್‌ಸ್ಟ್ಯಾಂಪ್, ಸಾಮಾನ್ಯವಾಗಿ ಕೊನೇದಕ್ಕೆ ಫ್ರೇಮ್ ಮುಗೀತು ಅನ್ನೋ ಮಾರ್ಕರ್ ಬಿಟ್. ಹಂಗಾಗಿ ವಿಡಿಯೋ ಸ್ಟ್ರೀಮ್‌ನಲ್ಲಿ ಡೆಲ್ಟಾ 0, 0, 0, 33 ಅಂತ ಕಂಡ್ರೆ ಗಾಬರಿ ಬೇಡ, ಅದು ಸಹಜ. ಪ್ಲೇಯರ್‌ನಲ್ಲಿ ವಿಡಿಯೋ ಪ್ಲೇ ಆಗಲ್ಲ, ಆಡಿಯೋ ಮಾತ್ರ, ಇದಕ್ಕೆ ಒಂದು ಮಾರ್ಕ್ ಕಟ್.

ಆರ್‌ಟಿಪಿ ಜೊತೆಗೇ ವರದಿ ಹೊತ್ತು ಓಡಾಡೋ ಪ್ರೋಟೋಕಾಲ್ ಆರ್‌ಟಿಸಿಪಿ, ಅದರ ಕಡೆ ಜಾಸ್ತಿ ಜನ ತಿರುಗಿನೂ ನೋಡಲ್ಲ, ನೋಡ್ಬೇಕು. ಕಳಿಸೋ ಕಡೆ ಕೂತು ಕ್ಯಾಪ್ಚರ್ ಮಾಡಿದ್ರೆ ಹೋಗೋ ಸ್ಟ್ರೀಮ್ ಯಾವಾಗ್ಲೂ ಚೊಕ್ಕವಾಗೇ ಕಾಣತ್ತೆ, ಇನ್ನೂ ಹೊರಟೇ ಇಲ್ವಲ್ಲ! ಆ ಕಡೆಗೆ ಏನು ಮುಟ್ಟಿತು ಅಂತ ತಿಳ್ಕೊಳ್ಳೋಕೆ ವಾಪಸ್ ಬರೋ ರಿಸೀವರ್ ರಿಪೋರ್ಟ್ ತೆಗೀಬೇಕು, ಅದರಲ್ಲಿ ಫ್ರಾಕ್ಷನ್ ಲಾಸ್ಟ್ ಅಂತ 256ರಲ್ಲಿ ಎಷ್ಟು ಅಂತ ತೋರ್ಸತ್ತೆ, ಅಲ್ಲಿ 26 ಅಂತ ಇದ್ರೆ ಹತ್ತಕ್ಕೆ ಒಂದು ಪ್ಯಾಕೆಟ್ ಹೋಗಿದೆ ಅಂತ ಅರ್ಥ. ತುಟಿಗೂ ಮಾತಿಗೂ ತಾಳ ತಪ್ಪದಂಗೆ ನೋಡ್ಕೊಳ್ಳೋದೂ ಆರ್‌ಟಿಸಿಪಿನೇ, ಸೆಂಡರ್ ರಿಪೋರ್ಟ್‌ನಲ್ಲಿ ಆಡಿಯೋ, ವಿಡಿಯೋ ಎರಡರ ಟೈಮ್‌ಸ್ಟ್ಯಾಂಪನ್ನೂ ಒಂದೇ ಗೋಡೆ ಗಡಿಯಾರಕ್ಕೆ ಹೊಂದಿಸಿ ಕೊಟ್ಟಿರತ್ತೆ.

ಬ್ರೌಸರ್ ಕಾಲ್ ನೋಡೋಕೆ ಹೋದ್ರೆ ಮಾತ್ರ ಅರ್ಧ ನಿರಾಸೆ ಗ್ಯಾರಂಟಿ. ಬ್ರೌಸರ್‌ಗಳು ಕಾಲ್‌ಗೆ ಬಳಸೋ ವೆಬ್‌ಆರ್‌ಟಿಸಿಯಲ್ಲಿ ಎನ್‌ಕ್ರಿಪ್ಷನ್ ಕಡ್ಡಾಯ, ಹೆಡರ್ ಓದಬಹುದು ಆದ್ರೆ ಒಳಗಿನ ಧ್ವನಿ ಕೇಳೋಕಾಗಲ್ಲ, ಅದು ಇರಬೇಕಾದ್ದೇ ಹಂಗೆ ಬಿಡಿ. ಕಾಲ್ ಸೆಟಪ್ ಕೂಡ ಎನ್‌ಕ್ರಿಪ್ಟ್ ಆಗಿರೋದ್ರಿಂದ ಇದು ಆರ್‌ಟಿಪಿ ಅಂತ ನಾವೇ ಡಿಕೋಡ್ ಆಸ್ ಅನ್ನೋ ಮೆನುವಲ್ಲಿ ಹೇಳಿಕೊಡ್ಬೇಕಾಗತ್ತೆ, ಗಡಿಯಾರದ ವೇಗ ಗೊತ್ತಿಲ್ದೇ ಇರೋದ್ರಿಂದ ಜಿಟರ್ ನಂಬರನ್ನ ನಂಬೋಕಾಗಲ್ಲ, ಸೀಕ್ವೆನ್ಸ್ ನಂಬರ್‌ನಿಂದ ತೆಗೆದ ಲಾಸ್ ಲೆಕ್ಕ ಮಾತ್ರ ನಂಬಿ. ಬ್ರೌಸರ್ ಕಾಲ್‌ಗೆ ಕ್ರೋಮ್ ಒಳಗಿನ ವೆಬ್‌ಆರ್‌ಟಿಸಿ ಇಂಟರ್ನಲ್ಸ್ ಪೇಜೇ ವಾಸಿ. ಎನ್‌ಕ್ರಿಪ್ಷನ್ ಇಲ್ಲದ ಹಳೇ ಸಿಪ್ ಫೋನ್ (ಐಪಿ ನೆಟ್‌ವರ್ಕ್ ಮೇಲೆ ಓಡೋ ಫೋನ್) ಕಾಲ್ ಆದ್ರೆ ಪ್ಲೇ ಒತ್ತಿದ ತಕ್ಷಣ ಇಬ್ಬರ ಮಾತೂ ಕೇಳ್ಸತ್ತೆ, ಮೊದಲ್ನೇ ಸಲ ಕೇಳ್ದಾಗ ಮೈ ಜುಂ ಅನ್ನತ್ತೆ. ಸ್ವಂತ ನೆಟ್‌ವರ್ಕ್‌ನಲ್ಲಿ, ಎದುರಿನವರಿಗೂ ಹೇಳಿ ಮಾಡಿ, ಬೇರೆಯವರದ್ದಕ್ಕೆ ಕೈ ಹಾಕ್ಬೇಡಿ.

5ಕ್ಕೆ 4 ಕೊಡ್ತೀನಿ. ಮೊದಲ ಸಲ ತೆಗೆದವರಿಗೆ ಮೆನು ನೋಡಿ ತಲೆ ಧಿಂ ಅನ್ನೋದು ನಿಜ, ಕಾಲ್ ಚೆನ್ನಾಗಿದ್ರೆ ಸಾಕು ಅನ್ನೋರಿಗೆ ಇದು ಬೇಡ್ವೇ ಬೇಡ. ಐಪಿ ಫೋನ್ ಅಥವಾ ಕ್ಯಾಮೆರಾ ಸೆಟಪ್ ಮಾಡೋರು, ನೆಟ್‌ವರ್ಕ್ ಓದ್ತಿರೋರು ಕಣ್ಮುಚ್ಚಿ ಹಾಕ್ಕೊಳ್ಳಿ. ವಿಂಡೋಸ್‌ನಲ್ಲಿ ಇನ್‌ಸ್ಟಾಲ್ ಮಾಡೋವಾಗ ಎನ್‌ಪಿಕ್ಯಾಪ್ ಟಿಕ್ ತೆಗೀಬೇಡಿ, ಅದಿಲ್ದೇ ಕ್ಯಾಪ್ಚರ್ ಆಗಲ್ಲ, ಮತ್ತೆ ದಿನಗಟ್ಲೆ ಓಡಿಸೋದಾದ್ರೆ ಕ್ಯಾಪ್ಚರ್ ಆಪ್ಷನ್ಸ್‌ನಲ್ಲಿ ರಿಂಗ್ ಬಫರ್ (ಹಳೇ ಫೈಲ್ ಅಳಿಸಿ ಹೊಸದು ಬರೆಯೋದು) ಆನ್ ಮಾಡಿ, ಇಲ್ಲಾಂದ್ರೆ ಡಿಸ್ಕ್ ತುಂಬಿ ಕೂತಿರತ್ತೆ.