10 ಕಿಲೋವಾಟ್ ಸೋಲಾರ್‌ಗೆ ಒಂದೇ ಇನ್ವರ್ಟರಾ, ಎರಡಾ?

ಚಿಂತಾಮಣಿ ಕಡೆ ಮನೆ ಮೇಲೆ ಸೋಲಾರ್ ಹಾಕಿಸುವವರು ಕೇಳುವ ಪ್ರಶ್ನೆ ಇದೇ. ಇಲ್ಲಿ ಇನ್ವರ್ಟರ್ ಅಂದರೆ ಪ್ಯಾನೆಲಿನ ಡಿಸಿ ಕರೆಂಟನ್ನು ಎಸಿ ಮಾಡಿ ಬೆಸ್ಕಾಂ ಲೈನಿಗೆ ಸೇರಿಸುವ ಪೆಟ್ಟಿಗೆ, ಮನೆಯ ಬ್ಯಾಟರಿ ಇನ್ವರ್ಟರ್ ಅಲ್ಲ. ಒಂದೇ ದೊಡ್ಡದಾದರೆ ವೈರಿಂಗ್ ಕಡಿಮೆ, ಸಾಮಾನ್ಯವಾಗಿ ಖರ್ಚೂ ಕಡಿಮೆ. ಆದರೆ ಅದು ಕೆಟ್ಟ ದಿನ ಉತ್ಪಾದನೆ ಸೊನ್ನೆ. 5 ಕಿಲೋವಾಟಿನ ಎರಡಿದ್ದರೆ ಒಂದು ರಿಪೇರಿಗೆ ಹೋದರೂ ಅರ್ಧ ಬರುತ್ತಲೇ ಇರುತ್ತದೆ, ಅಲ್ವಾ? ಅವನ್ನು ಒಂದಕ್ಕೊಂದು ಹೊಂದಿಸುವ ತಲೆನೋವೂ ಇಲ್ಲ, ಎರಡೂ ಬೆಸ್ಕಾಂ ಲೈನಿನ ವೋಲ್ಟೇಜು, ಫ್ರೀಕ್ವೆನ್ಸಿ ನೋಡಿಕೊಂಡು ತಾವೇ ಅದಕ್ಕೆ ಹೊಂದಿಕೊಳ್ಳುತ್ತವೆ. ಒಂದೊಂದಕ್ಕೂ ಬೇರೆ ಬ್ರೇಕರ್ ಮಾತ್ರ ಬೇಕೇ ಬೇಕು. ಸಿಂಗಲ್ ಫೇಸಿನವನ್ನೆಲ್ಲ ಒಂದೇ ಫೇಸಿಗೆ ತುರುಕಬೇಡಿ, ಲೈನು ಉದ್ದವಿದ್ದರೆ ಮಧ್ಯಾಹ್ನ ವೋಲ್ಟೇಜು ಏರಿ ಟ್ರಿಪ್ ಆಗಬಹುದು.

ಎಷ್ಟು ಕೂಡಿಸಿದರೂ ಕರೆಂಟು ಹೋದಾಗ ಎಲ್ಲವೂ ಆಫ್, ನಮ್ಮ ಸೋಲಾರ್ ಕರೆಂಟು ಲೈನಿಗೆ ಹರಿದು ಲೈನ್‌ಮ್ಯಾನ್ ಜೀವಕ್ಕೆ ಅಪಾಯ ಆಗಬಾರದಲ್ಲ. ಪೂರ್ವ-ಪಶ್ಚಿಮ ಇಳಿಜಾರು ಅಂತ ಸುಮ್ನೆ ಎರಡು ಕೊಳ್ಳಬೇಡಿ, ಎರಡು ಎಂಪಿಪಿಟಿ (ಪ್ಯಾನೆಲಿನಿಂದ ಆದಷ್ಟು ಹೆಚ್ಚು ಪವರ್ ಎಳೆಯುವ ಸರ್ಕ್ಯೂಟ್, ಒಂದೊಂದು ಇಳಿಜಾರಿಗೆ ಒಂದೊಂದು) ಇರುವ ಒಂದೇ ಸಾಕು. ಮುಂದೆ ಪ್ಯಾನೆಲ್ ಜಾಸ್ತಿ ಮಾಡುವವರಾದರೆ ಮಾತ್ರ ನನ್ನ ಓಟು ಎರಡಕ್ಕೆ.